ಜ್ವರವಿಲ್ಲದವರ ಮಲೇರಿಯಾ



ಮಲೇರಿಯಾ ಎಂದ ಕೂಡಲೇ ನೆನಪಾಗುವುದು ಮೂರು ಕಂಬಳಿ ಹೊದಿಸಿದರೂ ನಿಲ್ಲದ ನಡುಕ, ಅದರ ಬೆನ್ನಿಗೆ ಮೈ ಸುಡುವ ಜ್ವರ, ಕೊನೆಗೆ ಹಾಸಿಗೆ ತೊಯ್ಯುವಷ್ಟು ಬೆವರು. ಕರಾವಳಿಯಿಂದಲೋ ಘಟ್ಟದ ಮೇಲಿನಿಂದಲೋ ಬಂದು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆನಿಂತ ನಮ್ಮ ಜನರಲ್ಲಿ ಈ ಕಾಯಿಲೆಯನ್ನು ಒಮ್ಮೆಯಾದರೂ ಮನೆಯೊಳಗೆ ಕಾಣದವರು ಕಡಿಮೆ. ಇವತ್ತು ನಾನು ಮಾತಾಡಬೇಕೆಂದಿರುವುದು ನಡುಕವಿಲ್ಲದ, ಜ್ವರವಿಲ್ಲದ, ಬೆವರಿಲ್ಲದ ಮಲೇರಿಯಾದ ಬಗ್ಗೆ. ಅದು ಇರುವ ಮನುಷ್ಯ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾನೆ, ದಿನವಿಡೀ ಇಟ್ಟಿಗೆ ಹೊರುತ್ತಾನೆ, ರಾತ್ರಿ ಉಂಡು ಮಲಗುತ್ತಾನೆ. ತನ್ನ ರಕ್ತದಲ್ಲಿ ಏನಿದೆ ಎಂಬ ಸುಳಿವೇ ಅವನಿಗಿಲ್ಲ. ಅವನನ್ನು ಕಚ್ಚಿದ ಸೊಳ್ಳೆ ಮಾತ್ರ ಅದನ್ನು ಹೊತ್ತುಕೊಂಡು ಹೋಗುತ್ತದೆ.

ಮೊದಲು ಸಂತೋಷದ ಮಾತು ಹೇಳಿಬಿಡುತ್ತೇನೆ. ಸ್ವಾತಂತ್ರ್ಯ ಬಂದ ಕಾಲದಲ್ಲಿ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ತಗಲುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. 2015ರಲ್ಲಿ ದಾಖಲಾದ ಪ್ರಕರಣಗಳು 11 ಲಕ್ಷ 69 ಸಾವಿರ. 2023ಕ್ಕೆ ಅದು 2 ಲಕ್ಷ 27 ಸಾವಿರಕ್ಕೆ ಇಳಿಯಿತು. 2027ರ ಹೊತ್ತಿಗೆ ಈ ನೆಲದಲ್ಲೇ ಹುಟ್ಟುವ ಪ್ರಕರಣ ಒಂದೂ ಇರಬಾರದು, 2030ರೊಳಗೆ ಮಲೇರಿಯಾ ದೇಶದಿಂದಲೇ ತೊಲಗಬೇಕು ಎಂಬುದು ಸರಕಾರದ ಗುರಿ. ಇಷ್ಟು ದೂರ ಬಂದಿರುವುದು ಸಣ್ಣ ಸಾಧನೆಯೇನಲ್ಲ. ಬಿಸಿಲು ಮಳೆ ಎನ್ನದೆ ಮನೆಮನೆ ಸುತ್ತಿದ ಆರೋಗ್ಯ ಸೇವಕರು, ಆಶಾ ಕಾರ್ಯಕರ್ತೆಯರು ಈ ಇಳಿಕೆಯ ಹಿಂದೆ ಇದ್ದಾರೆ.

ನನ್ನ ಕಳವಳ ಇರುವುದು ಕೊನೆಗೆ ಬರಬೇಕಾದ ಆ ಸೊನ್ನೆಯ ಬಗ್ಗೆ. ಹುಡುಕಿ, ಸಿಗದೆ, ಬಂದ ಸೊನ್ನೆ ಒಂದು. ಹುಡುಕದೇ ಬಂದ ಸೊನ್ನೆ ಇನ್ನೊಂದು. ರಿಜಿಸ್ಟರಿನಲ್ಲಿ ಎರಡನ್ನೂ ಒಂದೇ ರೀತಿ ಬರೆಯುತ್ತೇವೆ.

ಈ ವ್ಯತ್ಯಾಸಕ್ಕೆ ನಮ್ಮ ನೆರೆಯ ಶ್ರೀಲಂಕಾ ತೆತ್ತ ಬೆಲೆಯನ್ನು ಕೇಳಿ. 1963ರಲ್ಲಿ ಇಡೀ ದ್ವೀಪದಲ್ಲಿ ಸಿಕ್ಕ ಮಲೇರಿಯಾ ಪ್ರಕರಣಗಳು ಹದಿನೇಳು. ಹದಿನೇಳು ಸಾವಿರವಲ್ಲ, ಬರೇ ಹದಿನೇಳು. ಗೆದ್ದೆವು ಎಂದುಕೊಂಡರು. ಔಷಧ ಸಿಂಪಡಣೆ ಸಡಿಲವಾಯಿತು, ರಕ್ತಪರೀಕ್ಷೆ ಸಡಿಲವಾಯಿತು. ಐದಾರು ವರ್ಷ ಕಳೆಯುವಷ್ಟರಲ್ಲಿ ಲಕ್ಷಗಟ್ಟಲೆ ಜನ ಮತ್ತೆ ಮಲಗಿದರು. ಮಲೇರಿಯಾಮುಕ್ತ ಎಂಬ ಪ್ರಮಾಣಪತ್ರ ಆ ದೇಶದ ಕೈಗೆ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ನಡುವಿನ ಅರ್ಧ ಶತಮಾನ ಹಾಗೆ ಹೋಯಿತು. ನಮ್ಮ ಕತೆಯೂ ಬೇರೆಯಲ್ಲ. 1965ರಲ್ಲಿ ಭಾರತದಲ್ಲಿ ಸುಮಾರು ಒಂದು ಲಕ್ಷ ಪ್ರಕರಣ, ಸಾವು ಇಲ್ಲ ಎಂಬ ದಾಖಲೆಯಾಯಿತು. 1976ರಲ್ಲಿ 64 ಲಕ್ಷ! ಡಿ.ಡಿ.ಟಿ.ಗೆ ಬಗ್ಗದ ಸೊಳ್ಳೆ, ಔಷಧದ ಕೊರತೆ, ಹಣದ ಕೊರತೆ ಎಂದು ಕಾರಣಗಳು ಹಲವು. ಆದರೆ ಸೊಳ್ಳೆ ತಾನಾಗಿ ಮಲೇರಿಯಾವನ್ನು ಹುಟ್ಟಿಸುವುದಿಲ್ಲ. ಅದಕ್ಕೆ ರೋಗಾಣು ಯಾರದಾದರೂ ರಕ್ತದಿಂದ ಸಿಗಬೇಕು. ಆ 'ಯಾರು' ಎಂಬುದನ್ನು ಹುಡುಕುವ ಕೆಲಸ ಸಡಿಲವಾಗಿತ್ತು.

ಅವರು ಯಾಕೆ ಸಿಗುವುದಿಲ್ಲ? ಜ್ವರ ಬಂದವ ಡಾಕ್ಟರ ಬಳಿ ಹೋಗುತ್ತಾನೆ, ಜ್ವರವಿಲ್ಲದವ ಹೋಗುವುದಿಲ್ಲ ಎಂಬುದು ಮೊದಲ ಕಾರಣ. ಮತ್ತೆ ಮತ್ತೆ ಮಲೇರಿಯಾ ಬಂದವರ ಮೈಯಲ್ಲಿ ಒಂದು ಬಗೆಯ ಅರೆಬರೆ ರೋಗನಿರೋಧ ಬೆಳೆಯುತ್ತದೆ. ಅದು ರೋಗಾಣುವನ್ನು ಪೂರ್ತಿ ಕೊಲ್ಲುವುದಿಲ್ಲ, ಜ್ವರ ಬಾರದಷ್ಟು ಮಟ್ಟಿಗೆ ಅದುಮಿ ಇಡುತ್ತದೆ. ಕಾಡಂಚಿನ ಹಳ್ಳಿಗಳ ದೊಡ್ಡವರಲ್ಲಿ ಇಂಥವರು ಹೆಚ್ಚು. ಇದನ್ನು ಕೇಳಿ, ಜ್ವರವಿಲ್ಲದಿದ್ದರೆ ತೊಂದರೆ ಏನು ಎಂದು ಕೇಳುವವರಿದ್ದಾರೆ. ತೊಂದರೆ ಇದೆ. ತಿಂಗಳುಗಟ್ಟಲೆ ಒಳಗೊಳಗೇ ಕೆಂಪುರಕ್ತಕಣ ಒಡೆಯುತ್ತಿದ್ದರೆ ರಕ್ತಹೀನತೆ ಬರುತ್ತದೆ. ಮಗು ಓದಿನಲ್ಲಿ ಹಿಂದೆ ಬೀಳುತ್ತದೆ, ಬಸುರಿಯ ಹೊಟ್ಟೆಯ ಕೂಸು ಕಡಿಮೆ ತೂಕದ್ದಾಗಿ ಹುಟ್ಟುತ್ತದೆ. ಫಾಲ್ಸಿಪಾರಮ್ ಎಂಬ ಜಾತಿಯ ರೋಗಾಣು ಗರ್ಭಿಣಿಯ ಮಾಸಿನಲ್ಲಿ, ಅಂದರೆ ಮಗುವಿಗೆ ಆಹಾರ ಹೋಗುವ ಜಾಗದಲ್ಲೇ, ತಂಗುತ್ತದೆ. ಬೆರಳಿನ ರಕ್ತದಲ್ಲಿ ಆಗ ಏನೂ ಕಾಣದೆ ಇರಬಹುದು.

ವೈವಾಕ್ಸ್ ಎಂಬ ಇನ್ನೊಂದು ಜಾತಿಯದು ಇನ್ನೂ ಕಠಿಣ ವಿಷಯ. ಸೊಳ್ಳೆ ಕಚ್ಚಿದ ಮೇಲೆ ಅದರ ಒಂದು ಪಾಲು ಲಿವರಿನೊಳಗೆ ಹೋಗಿ ಮಲಗಿಬಿಡುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಮೇ ಕೊನೆಗೆ ಕಲ್ಯಾಣ ಸ್ಟೇಷನ್ನಿನ ಹೊರಗೆ ಆದಿವಾಸಿ ಹೆಂಗಸರು ಶೇವಳಿ ಎಂಬ ಕಾಡುತರಕಾರಿಯನ್ನು ಕಟ್ಟುಕಟ್ಟಾಗಿ ಇಟ್ಟುಕೊಂಡು ಕೂತಿರುವುದನ್ನು ನೀವು ನೋಡಿರುತ್ತೀರಿ. ನಮ್ಮ ಸುವರ್ಣಗಡ್ಡೆಯ ಸಂಬಂಧಿ ಅದು. ಬೇಸಿಗೆಯುದ್ದಕ್ಕೂ ನೆಲದ ಮೇಲೆ ಅದರ ಗುರುತೇ ಇರುವುದಿಲ್ಲ. ಮೊದಲ ಮಳೆಯ ವಾಸನೆ ಬಂದ ಕೂಡಲೇ ಗಡ್ಡೆಯಿಂದ ಮೊಳೆತು ಮೇಲೆ ಬರುತ್ತದೆ. ವೈವಾಕ್ಸ್ ಲಿವರಿನಲ್ಲಿ ಇರುವುದು ಹಾಗೆ. ಈ ಮಲಗಿದ ರೂಪವನ್ನು ವಿಜ್ಞಾನಿಗಳು ಸ್ಪಷ್ಟವಾಗಿ ಗುರುತಿಸಿದ್ದು 1980ರ ದಶಕದ ಆರಂಭದಲ್ಲಿ. ಲವೆರಾನ್ ಎಂಬ ಫ್ರೆಂಚ್ ವೈದ್ಯ 1880ರಲ್ಲಿ ರಕ್ತದಲ್ಲಿ ಮಲೇರಿಯಾದ ರೋಗಾಣುವನ್ನು ಕಂಡು ನೂರು ವರ್ಷ ಆಗಿತ್ತು ಆಗ. ಈ ಮಲಗಿದ್ದನ್ನು ನೇರವಾಗಿ ಹಿಡಿಯುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಪಪುವಾ ನ್ಯೂಗಿನಿಯ ಮಕ್ಕಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ವೈವಾಕ್ಸ್ ಸೋಂಕುಗಳಲ್ಲಿ ಐದರಲ್ಲಿ ನಾಲ್ಕು ಪಾಲು ಹೊಸ ಸೊಳ್ಳೆ ಕಚ್ಚಿ ಬಂದದ್ದಲ್ಲ, ಹಳೆಯದೇ ಎದ್ದು ಬಂದದ್ದು ಎಂದು ಕಂಡುಬಂತು.

ಇನ್ನೊಂದು ಅಡಗುತಾಣ ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದದ್ದೇ. ಪದೇಪದೇ ಚಳಿಜ್ವರ ಬಂದ ಮಗುವಿನ ಎಡಪಕ್ಕೆಯ ಕೆಳಗೆ ಕೈಯಿಟ್ಟು ನೋಡಿ, ಜ್ವರಗಡ್ಡೆ ಆಗಿದೆ ಎನ್ನುತ್ತಿದ್ದರು. ಅದು ಊದಿಕೊಂಡ ಗುಲ್ಮ. ಡೆಂಪ್ಸ್ಟರ್ ಎಂಬ ಬ್ರಿಟಿಷ್ ವೈದ್ಯ 1840ರ ದಶಕದಲ್ಲಿ ಉತ್ತರ ಭಾರತದ ಕಾಲುವೆಗಳ ಬದಿಯ ಹಳ್ಳಿಗಳಲ್ಲಿ ಇದನ್ನೇ ಲೆಕ್ಕದ ವಿಧಾನವಾಗಿ ಮಾಡಿದ. ಜ್ವರ ಇದೆಯೇ ಎಂದು ಕೇಳದೆ, ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಗುಲ್ಮ ಕೈಗೆ ಸಿಗುತ್ತದೆ ಎಂದು ಎಣಿಸುತ್ತ ಹೋದ. ಅಡಗಿದ ಮಲೇರಿಯಾವನ್ನು ಆರೋಗ್ಯವಂತರ ನಡುವೆ ಹುಡುಕುವ ಕೆಲಸ ಶುರುವಾದದ್ದು ಹೀಗೆ ಬರಿಗೈಯಲ್ಲಿ, ರೋಗಾಣು ಯಾವುದು ಎಂದು ಗೊತ್ತಾಗುವ ಮೊದಲೇ. 2021ರಲ್ಲಿ ಇಂಡೋನೇಷ್ಯಾದ ಪಪುವಾದಿಂದ ಬಂದ ವರದಿ ಆ ಹಳೆಯ ಕೈಗಳಿಗೆ ಸಿಕ್ಕಿದ್ದಕ್ಕೆ ಅರ್ಥ ಕೊಟ್ಟಿತು. ಹೆಚ್ಚಾಗಿ ಅಪಘಾತದಿಂದಾಗಿ ಗುಲ್ಮ ತೆಗೆಸಿಕೊಳ್ಳಬೇಕಾಗಿ ಬಂದ, ಮಲೇರಿಯಾದ ಲಕ್ಷಣವೇ ಇಲ್ಲದವರ ಗುಲ್ಮವನ್ನು ಪರೀಕ್ಷಿಸಿದಾಗ, ಅವರ ಮೈಯ ಒಟ್ಟು ವೈವಾಕ್ಸ್ ರೋಗಾಣುಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಗುಲ್ಮದೊಳಗೇ ಇದ್ದವು. ಹರಿಯುವ ರಕ್ತದಲ್ಲಿ ನಾವು ನೋಡುವುದು ಚೂರುಪಾರು.

ನಾನು ಪ್ರಯೋಗಾಲಯದಲ್ಲಿ ಸ್ಲೈಡು ಓದಿ ಬಾಳಿದವನು. ಆ ಕೆಲಸ ಹೇಗಿರುತ್ತದೆ ಎಂದು ನಿಮಗೆ ಸ್ವಲ್ಪ ಹತ್ತಿರದಿಂದ ಹೇಳಬೇಕು. ಬೆರಳ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಚುಚ್ಚಿ, ಮೊದಲ ಹನಿಯನ್ನು ಒರೆಸಿಬಿಡುತ್ತೇವೆ. ಮುಂದಿನ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಗೆದುಕೊಂಡು ಇನ್ನೊಂದು ಗಾಜಿನ ಮೂಲೆಯಿಂದ ಸಣ್ಣ ನಾಣ್ಯದಷ್ಟಗಲಕ್ಕೆ ಕಲಸಿದರೆ ದಪ್ಪ ಲೇಪ. ಪಕ್ಕದಲ್ಲಿ ನಾಲಗೆಯ ಆಕಾರಕ್ಕೆ ಎಳೆದರೆ ತೆಳು ಲೇಪ. ಒಣಗಿದ ಮೇಲೆ ಬಣ್ಣ. ನಮ್ಮ ದೇಶದ ಮಲೇರಿಯಾ ಕಾರ್ಯಕ್ರಮದಲ್ಲಿ ಹೆಚ್ಚಾಗಿ ಬಳಸಿದ್ದು ಜೆ.ಎಸ್.ಬಿ. ಬಣ್ಣ. ಜಸವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಎಂಬ ನಮ್ಮವರೇ ಇಬ್ಬರು 1940ರ ದಶಕದಲ್ಲಿ ರೂಪಿಸಿದ್ದು. ಕಡಿಮೆ ಖರ್ಚು, ಬೇಗ ಕೆಲಸ, ಹಳ್ಳಿಯ ಬಿಸಿಲಿಗೂ ಜಗ್ಗುವುದಿಲ್ಲ. ಆಮೇಲೆ ಲೇಪದ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಮಸೂರವನ್ನು ಇಳಿಸಿ ಕಣ್ಣಿಡಬೇಕು. ಸ್ಲೈಡನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ನೂರು ಜಾಗವನ್ನಾದರೂ ನೋಡದೆ 'ಇಲ್ಲ' ಎಂದು ಬರೆಯಬಾರದು. ನೀಲಿ ಉಂಗುರ, ಅದರ ತುದಿಗೆ ಒಂದು ಕೆಂಪು ಚುಕ್ಕೆ. ಅದು ಕಂಡ ಕ್ಷಣ ಬೆನ್ನು ನೆಟ್ಟಗಾಗುತ್ತದೆ.

ಆ ನೂರು ಜಾಗ ಸೇರಿದರೆ ನಾವು ನೋಡಿದ ರಕ್ತ ಎಷ್ಟು ಗೊತ್ತೆ? ಒಂದು ಮೈಕ್ರೋಲೀಟರಿನ ಕಾಲುಪಾಲು. ದೊಡ್ಡವರ ಮೈಯಲ್ಲಿ ಐದು ಲೀಟರು ರಕ್ತವಿದೆ. ಅಂದರೆ ಎರಡು ಕೋಟಿಯಲ್ಲಿ ಒಂದು ಪಾಲನ್ನು ನೋಡಿ ನಾವು ತೀರ್ಪು ಹೇಳುತ್ತಿದ್ದೇವೆ. ಮೈಕ್ರೋಲೀಟರಿಗೆ ಒಂದೇ ರೋಗಾಣು ಇರುವ ಮನುಷ್ಯನ ಮೈಯಲ್ಲಿ ಒಟ್ಟು 50 ಲಕ್ಷ ರೋಗಾಣು ಇರುತ್ತವೆ. ಅಂಥವನ ಸ್ಲೈಡು ಹೆಚ್ಚಿನ ಸಲ ಶುಭ್ರವಾಗಿ ಬರುತ್ತದೆ. ಓದಿದವನ ತಪ್ಪು ಅಲ್ಲಿ ಏನೂ ಇಲ್ಲ. ಹಳ್ಳಿಯ ಆರೋಗ್ಯಕೇಂದ್ರದಲ್ಲಿ ಪಳಗಿದ ಕಣ್ಣಿಗೆ ಮೈಕ್ರೋಲೀಟರಿಗೆ 50ರಿಂದ 100 ರೋಗಾಣು ಇದ್ದರೆ ಸಿಗುತ್ತದೆ. ಆಶಾತಾಯಿಯರ ಚೀಲದಲ್ಲಿರುವ, ಕಾಲು ಗಂಟೆಯಲ್ಲಿ ಗೆರೆ ಮೂಡಿಸುವ ಕಿಟ್ಟಿಗೆ 100ರಿಂದ 200 ಬೇಕು. ಜ್ವರ ಬಂದವನಲ್ಲಿ ಅದು ಸಾವಿರಗಟ್ಟಲೆ ಇರುವುದರಿಂದ ಕಿಟ್ಟು ಚೆನ್ನಾಗಿ ಕೆಲಸ ಮಾಡುತ್ತದೆ, ಜೀವ ಉಳಿಸುತ್ತದೆ. ಜ್ವರವಿಲ್ಲದವನ ಮುಂದೆ ಅದೇ ಕಿಟ್ಟು ಸೋಲುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಪಿ.ಸಿ.ಆರ್. ವಿಧಾನಕ್ಕೆ ಮೈಕ್ರೋಲೀಟರಿಗೆ ಒಂದೋ ಎರಡೋ ಇದ್ದರೂ ಸಾಕು.

ಆಫ್ರಿಕದ ಜಾಂಜಿಬಾರ್ ದ್ವೀಪದಲ್ಲಿ ಹೀಗಾಯಿತು. ಮಲೇರಿಯಾ ಬಹಳ ಕಡಿಮೆಯಾಗಿತ್ತು. ಉಳಿದದ್ದನ್ನು ಗುಡಿಸಿ ಹಾಕೋಣವೆಂದು ಕೆಲವು ಊರುಗಳಲ್ಲಿ ಮನೆಮನೆಗೆ ಹೋಗಿ ಎಲ್ಲರಿಗೂ ಕಿಟ್ಟಿನಲ್ಲಿ ಪರೀಕ್ಷೆ ಮಾಡಿ, ಇದ್ದವರಿಗೆ ಔಷಧ ಕೊಟ್ಟರು. ಮುಂದಿನ ತಿಂಗಳುಗಳಲ್ಲಿ ಮಲೇರಿಯಾ ಇಳಿಯಲಿಲ್ಲ. ಅದೇ ಜನರ ರಕ್ತವನ್ನು ಪಿ.ಸಿ.ಆರ್.ಗೆ ಹಾಕಿ ನೋಡಿದರೆ, ಕಿಟ್ಟಿಗೆ ಸಿಕ್ಕವರ ಹತ್ತು ಪಟ್ಟಿಗಿಂತ ಹೆಚ್ಚು ಮಂದಿಯಲ್ಲಿ ಸೋಂಕು ಇತ್ತು. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟಿಗಿಟ್ಟು 2012ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ. ಮಲೇರಿಯಾ ಹೆಚ್ಚಿರುವ ಊರಿಗಿಂತ, ಕಡಿಮೆಯಾದ ಊರಿನಲ್ಲಿ ಮೈಕ್ರೋಸ್ಕೋಪಿನ ಕಣ್ಣು ತಪ್ಪಿಸುವ ಸೋಂಕಿನ ಪಾಲು ಹೆಚ್ಚು. ಅಂಥ ಊರುಗಳಲ್ಲಿ ಸೊಳ್ಳೆಗೆ ದಾಟುವ ಸೋಂಕಿನಲ್ಲಿ ಐದನೆಯ ಒಂದರಿಂದ ಅರ್ಧದವರೆಗೂ ಈ ಕಾಣದವರಿಂದಲೇ ಹೋಗಬಹುದು ಎಂದು ಅದರ ಲೆಕ್ಕ. ಕೊನೆಯ ಹಂತಕ್ಕೆ ಬಂದಾಗ ನಮ್ಮ ಉಪಕರಣಗಳೇ ಮಂದವಾಗುತ್ತವೆ ಎಂದಾಯಿತು.

ಈಗ ನಮ್ಮ ಜಿಲ್ಲೆಗೆ ಬರೋಣ. ಥಾಣೆ ಜಿಲ್ಲೆ ಎಂದರೆ ಘೋಡಬಂದರ್ ರಸ್ತೆಯ ಬಹುಮಹಡಿ ಕಟ್ಟಡಗಳು ಮಾತ್ರವಲ್ಲ. ಕಸಾರಾ ಲೋಕಲ್ ಹತ್ತಿ ಟಿಟ್ವಾಲಾ ದಾಟಿ ವಾಸಿಂದ್, ಆಸನ್‌ಗಾಂವ್ ಮುಟ್ಟಿದರೆ ಶಹಾಪುರ ತಾಲೂಕು. ಇತ್ತ ಮಾಳಶೇಜ್ ಘಾಟಿನ ದಾರಿಯಲ್ಲಿ ಮುರ್ಬಾಡ್ ತಾಲೂಕು. ಠಾಕೂರ್, ಕಾತ್ಕರಿ, ವಾರ್ಲಿ, ಮಹಾದೇವ ಕೋಳಿ ಜನರ ಪಾಡಾಗಳು, ಅಂದರೆ ಹಾಡಿಗಳು, ಗುಡ್ಡದ ಬುಡಗಳಲ್ಲಿ ಚದುರಿಕೊಂಡಿವೆ. ಮುಂಬಯಿ ಕುಡಿಯುವ ತಾನ್ಸಾ, ಭಾತ್ಸಾ ನೀರು ಶಹಾಪುರದ್ದು. ಡೊಂಬಿವಲಿಯ ನಲ್ಲಿಗಳಿಗೆ ಬರುವ ಬಾರ್ವಿ ನೀರೂ ಆ ಗುಡ್ಡಸಾಲಿನ ಕಡೆಯದೇ. ಅಲ್ಲಿಯ ಮಲೇರಿಯಾ ನಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುವಷ್ಟು ನಾವು ದೂರ ಇಲ್ಲ.

ಜನವೂ ನೀರಿನ ಹಾಗೆಯೇ ಅಲ್ಲಿಂದ ಇಳಿದು ಬರುತ್ತಾರೆ. ದೀಪಾವಳಿ ಮುಗಿದು ಭತ್ತದ ಕೊಯ್ಲಾದ ಮೇಲೆ ಕಾತ್ಕರಿ ಕುಟುಂಬಗಳು ಮಕ್ಕಳುಮರಿ, ಪಾತ್ರೆಪಗಡ ಸಮೇತ ಭಿವಂಡಿ, ಕಲ್ಯಾಣದ ಸುತ್ತಿನ ಇಟ್ಟಿಗೆ ಭಟ್ಟಿಗಳಿಗೆ ಬರುತ್ತವೆ. ಕೂಲಿ ಮೇಸ್ತ್ರಿ ಮುಕಾದಮನಿಂದ ಮುಂಗಡ ಪಡೆದ ಸಾಲ ತೀರುವವರೆಗೆ ಅಲ್ಲೇ ಗುಡಿಸಲು. ಮಳೆಗೆ ಮೊದಲು ಮರಳಿ ಪಾಡಾಕ್ಕೆ. ಇನ್ನೊಂದು ಕಡೆಯಿಂದ ಶೀಳ ರಸ್ತೆ, ತಳೋಜಾ, ಖಾರ್‌ಘರ್, ಉಲವೆಗಳ ಕಟ್ಟಡಗಳಿಗೆ ಒಡಿಶಾ, ಜಾರ್ಖಂಡ್, ಉತ್ತರಪ್ರದೇಶ, ಬಂಗಾಳ ಮತ್ತು ನಮ್ಮ ಕಲಬುರಗಿ, ವಿಜಯಪುರ ಕಡೆಯ ಕೂಲಿಯವರು ಬರುತ್ತಾರೆ. ಲಿಫ್ಟಿನ ಗುಂಡಿಯಲ್ಲಿ, ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರಿನಲ್ಲಿ ಬೆಳೆಯುವ ಅನಾಫೆಲಿಸ್ ಸ್ಟೆಫೆನ್ಸೈ ಎಂಬ ಪೇಟೆಸೊಳ್ಳೆ ಅಲ್ಲಿ ಕಾದಿರುತ್ತದೆ. ಗುಡ್ಡದ ಹಳ್ಳದ ಬದಿಯಲ್ಲಿ ಬೆಳೆಯುವ ಸೊಳ್ಳೆಯ ಜಾತಿ ಬೇರೆ. ಆದರೆ ಎರಡಕ್ಕೂ ಒಬ್ಬನೇ ಮನುಷ್ಯನ ರಕ್ತ ಸಿಗುತ್ತದೆ. ಜೂನಿನಲ್ಲಿ ಪಾಡಾಕ್ಕೆ ಮರಳುವ ಮನುಷ್ಯ, ಸೊಳ್ಳೆ ಹೆಚ್ಚುವ ಸಮಯಕ್ಕೆ ಸರಿಯಾಗಿ ಅಲ್ಲಿಗೆ ತಲುಪುತ್ತಾನೆ.

ಇವನನ್ನು ಯಾವ ಊರಿನ ಲೆಕ್ಕಕ್ಕೆ ಹಾಕುವುದು? ಆಧಾರ ಕಾರ್ಡಿನಲ್ಲಿ ಶಹಾಪುರ, ಮಲಗುವುದು ಭಿವಂಡಿಯ ಭಟ್ಟಿಯಲ್ಲಿ, ಜ್ವರ ಬಂದರೆ ತೋರಿಸುವುದು ಕಲ್ಯಾಣದ ಯಾವುದೋ ಖಾಸಗಿ ದವಾಖಾನೆಯಲ್ಲಿ. ಪಾಡಾಕ್ಕೆ ಆರೋಗ್ಯ ಸೇವಕ ಹೋದಾಗ ಮನೆಗೆ ಬೀಗ. ಭಟ್ಟಿಗೆ ಹೋದರೆ ಇವರು ನಮ್ಮ ವಾರ್ಡಿನವರಲ್ಲ ಎಂಬ ಉತ್ತರ. ರೋಗಮುಕ್ತಿ ಹತ್ತಿರವಾದಷ್ಟೂ ಪ್ರತಿ ಪ್ರಕರಣವೂ 'ಇಲ್ಲಿಯದು', 'ಹೊರಗಿನಿಂದ ಬಂದದ್ದು' ಎಂದು ವಿಂಗಡವಾಗಬೇಕು. ನಿಯಮ ಸರಿಯಾದದ್ದೇ. ಆದರೆ ಹೊರಗಿನದ್ದು ಎಂದು ಬರೆದಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುವುದನ್ನು ನಾನು ಒಪ್ಪಲಾರೆ. ಹೊರಗಿನಿಂದ ಬಂದವನ ಪಕ್ಕದಲ್ಲಿ ಮಲಗಿದ ಇಪ್ಪತ್ತು ಮಂದಿಯ ರಕ್ತವನ್ನು ನೋಡಿದ್ದೀರಾ ಎಂಬುದು ನಿಜವಾದ ಪ್ರಶ್ನೆ.

ಮುರ್ಬಾಡಿನ ಒಂದು ಪಾಡಾದಲ್ಲಿ ಸಂಜೆಯ ಸಮೀಕ್ಷೆಗೆ ಹೋಗಿದ್ದೆವು. ಹಗಲಲ್ಲಿ ಹೋದರೆ ಮುದುಕರೂ ಮಕ್ಕಳೂ ಮಾತ್ರ ಸಿಗುತ್ತಾರೆ, ಕೂಲಿಗೆ ಹೋದವರು ಬರುವುದು ಕತ್ತಲಾದ ಮೇಲೆ. ಜಗಲಿಯ ಮೇಲೆ ಸ್ಲೈಡು, ಕಿಟ್ಟು, ರಕ್ತದ ಹನಿಯನ್ನು ಒಣಗಿಸಿ ಒಯ್ಯುವ ದಪ್ಪ ಕಾಗದ ಎಲ್ಲ ಜೋಡಿಸಿದ್ದಾಯಿತು. ಮೊದಲು ಕೂತ ಅಜ್ಜಿ ಬೆರಳು ಕೊಡಲಿಲ್ಲ. "ಭಾವು, ಮಲಾ ತಾಪ ನಾಹೀ. ರಗತ ಕಶಾಲಾ?" ಎಂದಳು. ಜ್ವರವಿಲ್ಲ, ರಕ್ತ ಯಾಕೆ? ನಾನು ಏನೋ ವಿವರಿಸಲು ಹೊರಟೆ. ಆಕೆ ತಡೆದು, ಹಿಂದೆ ಬಂದವರು ರಕ್ತ ತೆಗೆದುಕೊಂಡು ಹೋದರು, ಏನು ಸಿಕ್ಕಿತೆಂದು ಹೇಳುವುದಕ್ಕೆ ಒಬ್ಬರೂ ತಿರುಗಿ ಬರಲಿಲ್ಲ ಎಂದಳು. ನಮ್ಮ ಜೊತೆಗಿದ್ದ ಆಶಾತಾಯಿ ಅದೇ ಪಾಡಾದ ಸೊಸೆ. ಆಕೆ ಅಜ್ಜಿಯ ಪಕ್ಕದಲ್ಲಿ ಕೂತು ತನ್ನ ಬೆರಳನ್ನೇ ಮೊದಲು ಚುಚ್ಚಿಸಿಕೊಂಡಳು. "ಆಜೀ, ಉತ್ತರ ನಾನು ತರುತ್ತೇನೆ, ಸೋಮವಾರ ಬಾಗಿಲಿಗೆ ಬಂದು ಹೇಳುತ್ತೇನೆ" ಎಂದು ಅವರ ಮಾತಿನಲ್ಲೇ ಹೇಳಿದಳು. ಅಜ್ಜಿ ಬೆರಳು ಚಾಚಿದಳು. ಸೋಮವಾರ ಆಶಾತಾಯಿ ಹೋದಳು, ಎಲ್ಲ ಮನೆಗೂ.

ಅಜ್ಜಿಯ ಮಾತು ನ್ಯಾಯವಾದದ್ದು. ಆರಾಮಾಗಿರುವವರ ಬಳಿ ರಕ್ತ ಕೇಳುವುದು ದೊಡ್ಡ ಕೋರಿಕೆ. ಅವರ ಸ್ವಂತ ನೋವಿಗೆ ಪರಿಹಾರವಾಗಿ ನಾವು ಹೋಗುತ್ತಿಲ್ಲ, ಊರಿನ ಸಲುವಾಗಿ ಹೋಗುತ್ತಿದ್ದೇವೆ. ಪಿ.ಸಿ.ಆರ್. ಪರೀಕ್ಷೆಗೆ ಕಾಗದದ ಮೇಲಿನ ರಕ್ತ ದೂರದ ಪ್ರಯೋಗಾಲಯಕ್ಕೆ ಹೋಗಬೇಕು, ಉತ್ತರ ಬರಲು ದಿನಗಳು ಹಿಡಿಯುತ್ತವೆ. ಖರ್ಚು ಉಳಿಸಲು ಹತ್ತು ಜನರ ಮಾದರಿ ಕಲೆಸಿ ಒಟ್ಟಿಗೆ ನೋಡುವ ಉಪಾಯವಿದೆ. ಕಲೆಸಿದ್ದರಲ್ಲಿ ಸಿಕ್ಕರೆ ಆ ಹತ್ತನ್ನು ಮಾತ್ರ ಬಿಡಿಬಿಡಿಯಾಗಿ ನೋಡಿದರಾಯಿತು. ಆದರೆ ಉತ್ತರವನ್ನು ಬಾಗಿಲಿಗೆ ತಲುಪಿಸುವ ಕೆಲಸವನ್ನು ಯಾವ ಯಂತ್ರವೂ ಮಾಡುವುದಿಲ್ಲ.

ಥಾಣೆ ಜಿಲ್ಲೆಗೂ ನಮ್ಮ ಉತ್ತರ ಕನ್ನಡಕ್ಕೂ ಮಲೇರಿಯಾದ ವಿಷಯದಲ್ಲಿ ಹಳೆಯ ನಂಟಿದೆ. ಎರಡೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. 1940ರ ದಶಕದ ನಡುಭಾಗದಲ್ಲಿ ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಕಾರವಾರ ಸೀಮೆ ಮತ್ತು ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೋಡೆಗಳಿಗೆ ಡಿ.ಡಿ.ಟಿ. ಹೊಡೆಸಿ, ವರ್ಷ ವರ್ಷವೂ ಮಕ್ಕಳ ಗುಲ್ಮ ಮತ್ತು ರಕ್ತ ನೋಡಿ ಲೆಕ್ಕ ಬರೆದರು. ದೇಶದ ಹಳ್ಳಿಗಳಲ್ಲಿ ಡಿ.ಡಿ.ಟಿ.ಯ ದೊಡ್ಡ ಪ್ರಯೋಗ ಶುರುವಾದದ್ದು ಅಲ್ಲಿಂದ. ಮಲೇರಿಯಾದಿಂದ ಜನ ಬಿಟ್ಟುಹೋಗುತ್ತಿದ್ದ ಘಟ್ಟದ ಮೇಲಿನ ಊರುಗಳಲ್ಲಿ ಮತ್ತೆ ದೀಪ ಹತ್ತಿತು. ನಾನು ಗೌರವಿಸುವುದು ಅವರ ಲೆಕ್ಕದ ಪುಸ್ತಕವನ್ನು. ಜ್ವರ ಕಡಿಮೆಯಾಯಿತು ಎಂಬ ಸುದ್ದಿ ಕೇಳಿ ಅವರು ನಿಲ್ಲಲಿಲ್ಲ, ಆಡುವ ಮಕ್ಕಳ ಹೊಟ್ಟೆ ಮುಟ್ಟಿ, ಬೆರಳು ಚುಚ್ಚಿ ನೋಡಿದರು. ಆಮೇಲೆ ಬಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದು "ಜ್ವರ ಇದೆಯಾ?" ಎಂದು ಕೇಳಿ, ಗೋಡೆಯ ಮೇಲಿನ ಚೌಕದಲ್ಲಿ ತಾರೀಖು ಬರೆದುಹೋಗುವ ಪದ್ಧತಿ ಬಂತು. ಹಿರಿಯ ಕೇಳುಗರಿಗೆ ಆ ಚೌಕ ನೆನಪಿರಬಹುದು. ಆ ಕಾಲಕ್ಕೆ ಅದು ಸರಿಯಾದ ಪ್ರಶ್ನೆ. ಈಗ ಅದೊಂದೇ ಪ್ರಶ್ನೆ ಸಾಲದು.

ಜ್ವರವಿಲ್ಲದವರನ್ನೂ ಹುಡುಕುವ ಕೆಲಸವನ್ನು ಒಡಿಶಾದವರು ಮಾಡಿ ತೋರಿಸಿದ್ದಾರೆ. 2017ರಿಂದ ದಮನ್ ಎಂಬ ಕಾರ್ಯಕ್ರಮದಲ್ಲಿ ಕಾಡಿನೊಳಗಿನ, ರಸ್ತೆಯಿಲ್ಲದ ಹಾಡಿಗಳಲ್ಲಿ ಶಿಬಿರ ಹಾಕಿ, ಜ್ವರ ಇದ್ದವರು ಇಲ್ಲದವರು ಎನ್ನದೆ ಎಲ್ಲರ ರಕ್ತ ನೋಡಿದರು. ಸಿಕ್ಕವರಲ್ಲಿ ಬಹಳ ಮಂದಿ ಜ್ವರವಿಲ್ಲದವರು. ಅದೇ ಸಮಯಕ್ಕೆ ಔಷಧ ಲೇಪಿಸಿದ ಸೊಳ್ಳೆಪರದೆಗಳನ್ನೂ ಭಾರೀ ಸಂಖ್ಯೆಯಲ್ಲಿ ಹಂಚಿದರು. 2016ರಲ್ಲಿ ನಾಲ್ಕು ಲಕ್ಷ ದಾಟಿದ್ದ ಪ್ರಕರಣ 2018ರಲ್ಲಿ 70 ಸಾವಿರದೊಳಗೆ ಬಂತು. ಬಳಸಿದ್ದು ಸಾಮಾನ್ಯ ಕಿಟ್ಟು. ಸೋಂಕು ಹೆಚ್ಚಿದ್ದಲ್ಲಿ ಅದರಿಂದಲೂ ಇಷ್ಟು ಸಾಧ್ಯವಾಯಿತು, ಇನ್ನು ಉಳಿದ ಕಡಿಮೆ ಸೋಂಕನ್ನು ಹಿಡಿಯುವಾಗ ಸೂಕ್ಷ್ಮ ಪರೀಕ್ಷೆ ಬೇಕು. ಚೀನಾ ಹಿಡಿದ ದಾರಿ ಬೇರೆ. ಒಂದು ದಿನದೊಳಗೆ ವರದಿ, ಮೂರು ದಿನದೊಳಗೆ ಎಲ್ಲಿಂದ ಬಂತೆಂಬ ತನಿಖೆ, ಏಳು ದಿನದೊಳಗೆ ಸುತ್ತಲಿನವರ ಪರೀಕ್ಷೆ ಮತ್ತು ಸೊಳ್ಳೆ ನಿವಾರಣೆ. 2021ರ ಜೂನ್ 30ರಂದು ಆ ದೇಶ ಮಲೇರಿಯಾಮುಕ್ತ ಎನಿಸಿತು.

ನಮ್ಮ ಮಂಗಳೂರನ್ನು ಮರೆಯುವುದು ಹೇಗೆ? 1990ರ ದಶಕದಲ್ಲಿ ಕಟ್ಟಡಗಳು ಏಳತೊಡಗಿದ ಹಾಗೆ ಮಲೇರಿಯಾವೂ ಅಲ್ಲಿ ನೆಲೆಯೂರಿತು. 2015ರ ಅಕ್ಟೋಬರಿನಿಂದ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ ಬಂತು. ಪ್ರಯೋಗಾಲಯದಲ್ಲಿ ಮಲೇರಿಯಾ ಸಿಕ್ಕಿದ ಕೂಡಲೇ ಸುದ್ದಿ ಆ ವಾರ್ಡಿನ ಕಾರ್ಯಕರ್ತರಿಗೆ ತಲುಪಿ, ಅವರು ಆ ಜಾಗಕ್ಕೆ ಹೋಗಿ, ಸುತ್ತಲಿನವರ ರಕ್ತ ನೋಡಿ, ನಿಂತ ನೀರು ಚೆಲ್ಲಿಸಿ, ಹದಿನಾಲ್ಕು ದಿನದ ಔಷಧ ಮುಗಿಯಿತೇ ಎಂದು ನೋಡಿ ಆ ಪ್ರಕರಣ ಮುಚ್ಚುತ್ತಾರೆ. ಅಲ್ಲಿಯ ಇಳಿಕೆ ಕಣ್ಣಿಗೆ ಕಾಣುವಂಥದು. ವಲಸೆ ಕೂಲಿಗಳಿರುವ ಪೇಟೆಯಲ್ಲಿ ಇದು ಸಾಧ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಹದಿನಾಲ್ಕು ದಿನದ ಮಾತು ಮುಖ್ಯ. ವೈವಾಕ್ಸ್ ಜ್ವರ ಮೂರು ದಿನದ ಮಾತ್ರೆಗೆ ಇಳಿಯುತ್ತದೆ. ಲಿವರಿನಲ್ಲಿ ಮಲಗಿದ್ದನ್ನು ಕೊಲ್ಲಲು ಪ್ರೈಮಾಕ್ವಿನ್ ಹದಿನಾಲ್ಕು ದಿನ ಬೇಕು. ಜ್ವರ ಬಿಟ್ಟ ಕೂಡಲೇ ಮಾತ್ರೆಯೂ ಬಿಟ್ಟುಹೋಗುತ್ತದೆ, ವಿದ್ಯಾವಂತರ ಮನೆಗಳಲ್ಲೂ. ಭಟ್ಟಿಯ ಕೂಲಿ ಐದನೆಯ ದಿನ ಬೇರೆ ಸೈಟಿಗೆ ಹೋಗಿರುತ್ತಾನೆ. ಇದು ಸ್ವಂತವಾಗಿ ಅಂಗಡಿಯಿಂದ ತಂದು ನುಂಗುವ ಮಾತ್ರೆಯಲ್ಲ ಎಂಬುದನ್ನೂ ಹೇಳಬೇಕು. ಜಿ-6-ಪಿ.ಡಿ. ಎಂಬ ಕಿಣ್ವ ಹುಟ್ಟಿನಿಂದ ಕೊರತೆಯಾಗಿರುವವರಿಗೆ ಇದರಿಂದ ರಕ್ತ ಒಡೆಯುತ್ತದೆ, ಮೂತ್ರ ಕಪ್ಪಾಗುತ್ತದೆ. ಗರ್ಭಿಣಿಯರಿಗೆ ಕೊಡುವಂತಿಲ್ಲ. ಡಾಕ್ಟರು ಕೊಟ್ಟರೆ ಒಂದು ದಿನವೂ ತಪ್ಪಿಸದೆ ಮುಗಿಸಬೇಕು.

ಕೊನೆಗೆ ನಮ್ಮ ಸಂಘಗಳಿಗೆ ಒಂದು ಮಾತು. ಡೊಂಬಿವಲಿ, ಕಲ್ಯಾಣ, ಥಾಣೆಯ ಕನ್ನಡ ಸಂಘಗಳು, ಜಾತಿ ಸಮಾಜಗಳು ವರ್ಷಕ್ಕೊಂದಾದರೂ ರಕ್ತದಾನ ಶಿಬಿರ ನಡೆಸುತ್ತವೆ. ಅಲ್ಲಿ ಕೊಟ್ಟ ಪ್ರತಿ ಬಾಟಲಿಯನ್ನೂ ಕಾನೂನಿನ ಪ್ರಕಾರ ಮಲೇರಿಯಾಕ್ಕೆ ಪರೀಕ್ಷಿಸುತ್ತಾರೆ. ಆರೋಗ್ಯವಂತರ ರಕ್ತ ನೋಡುವ ಕೆಲಸಕ್ಕೆ ನಾವು ಆಗಲೇ ಒಗ್ಗಿಕೊಂಡಿದ್ದೇವೆ ಎಂದಾಯಿತು. ಅದೇ ಉಮೇದಿನಿಂದ, ಪಾಲಿಕೆಯ ಮಲೇರಿಯಾ ವಿಭಾಗವನ್ನು ಜೊತೆಗೆ ಕರೆದುಕೊಂಡು, ನಮ್ಮ ಸೊಸೈಟಿಯ ಹಿಂದಿನ ಕಟ್ಟಡದ ಕೂಲಿಗಳ ತಗಡಿನ ಶೆಡ್ಡಿಗೆ ಒಂದು ಸಂಜೆ ಹೋಗೋಣ. ಠೇಕೇದಾರ ಗೇಟು ತೆರೆಯದಿದ್ದರೆ ಸೊಸೈಟಿಯ ಚೇರ್ಮನ್ ಕೇಳಿದಾಗ ತೆರೆಯುತ್ತಾನೆ. ಹೋಟೆಲಿನವರು, ಮಹಡಿಯ ಮೇಲೆ ಮಲಗುವ ನಿಮ್ಮ ಹುಡುಗರಿಂದಲೇ ಶುರು ಮಾಡಬಹುದು. ಪ್ರತಿಯೊಬ್ಬರ ಎರಡು ವಿಳಾಸ ಬರೆದುಕೊಳ್ಳಿ, ಇಲ್ಲಿಯದು ಮತ್ತು ಊರಿನದು, ಜೊತೆಗೆ ಒಂದು ಫೋನ್ ನಂಬರು. ಸೋಂಕು ಸಿಕ್ಕವನು ನಡುವೆ ಊರಿಗೆ ಹೊರಟರೆ ಉಳಿದ ಮಾತ್ರೆ ಅವನ ಜೊತೆಗೇ ಹೋಗಬೇಕು, ಅಲ್ಲಿಯ ಆಶಾತಾಯಿಗೆ ಇಲ್ಲಿಂದ ಒಂದು ಫೋನ್ ಹೋಗಬೇಕು. ಭಟ್ಟಿಯವರು ಗುಡ್ಡಕ್ಕೆ ಮರಳುವ ಮೊದಲು, ಅಂದರೆ ಏಪ್ರಿಲ್ ಮುಗಿಯುವುದರೊಳಗೆ ಒಂದು ಸುತ್ತು. ದೀಪಾವಳಿ ಕಳೆದು ಅವರು ಇಳಿದು ಬಂದ ಮೇಲೆ ಇನ್ನೊಂದು ಸುತ್ತು. ಉತ್ತರ ಬಂದ ಮೇಲೆ ತಿರುಗಿ ಹೋಗಿ, ಸೋಂಕು ಇಲ್ಲದವರಿಗೂ ಇಲ್ಲ ಎಂದು ಹೇಳಿ ಬನ್ನಿ.